ಪದ ಪರಿಚಯ: ಸಹಭಾಗಿ ಕಲೆ

ಬೆಂಗಳೂರಿನ ಕಲಾ ಕಾರ್ಯಕ್ರಮಗಳ ಆಹ್ವಾನಪತ್ರಿಕೆಗಳಲ್ಲಿ ‘ಸಹಭಾಗಿ ಕಲೆ’ ಎಂಬ ಮಾತು ಈಗ ಧಾರಾಳ. ಬಂದವರು ಗೋಡೆಗೆ ಬಣ್ಣದ ಅಂಗೈ ಒತ್ತಿದರೆ ಸಹಭಾಗಿ ಕಲೆ. ಕಾರ್ಯಕ್ರಮವನ್ನು ಲೈವ್ ಬಿಟ್ಟು, ಬೇರೆ ಊರಿನವರು ಲೈಕ್ ಒತ್ತಿದರೆ ‘ದೂರದ ಸಮುದಾಯಗಳನ್ನು ಬೆಸೆಯುವ’ ಸಹಭಾಗಿ ಕಲೆ. ಎರಡೂ ಅಲ್ಲ. ಯಾಕೆ ಅಲ್ಲ ಎಂಬುದು ಪದವನ್ನು ಬಿಡಿಸಿದರೆ ತಿಳಿಯುತ್ತದೆ.

‘ಭಾಗ’ದ ಬೇರು ಸಂಸ್ಕೃತದ ಭಜ್ ಧಾತು: ಹಂಚು, ಪಾಲು ಮಾಡು. ವಿಭಜನೆಯಷ್ಟೇ ಅಲ್ಲ, ಭಾಗ್ಯ, ಭಕ್ತಿ ಕೂಡ ಇದೇ ಬೇರಿನವು. ನಮ್ಮ ಪಾಲಿಗೆ ಬಂದದ್ದೇ ಭಾಗ್ಯ. ಹಾಗಾಗಿ ಭಾಗಿ ಎಂದರೆ ಪಾಲುಳ್ಳವನು. ಪಾಲುಪಟ್ಟಿಯಲ್ಲಿ ಹೆಸರಿದ್ದವನು ಭಾಗಿ; ಗೃಹಪ್ರವೇಶಕ್ಕೆ ಬಂದು ಉಂಡು ಹೋದವನು ಅತಿಥಿ. ಕನ್ನಡದ ‘ಪಾಲ್ಗೊಳ್ಳು’ ಇನ್ನೂ ನೇರ: ಪಾಲ್ + ಕೊಳ್ಳು, ಪಾಲು ತೆಗೆದುಕೊಳ್ಳು. ‘ಭಾಗವಹಿಸು’ವಿನಲ್ಲಿ ಅದನ್ನು ಹೊರುವ ಮಾತೂ ಇದೆ. ಮೂರರಲ್ಲಿ ಯಾವುದಕ್ಕೂ ‘ಹಾಜರಿದ್ದರು’ ಎಂಬ ಅರ್ಥವಿಲ್ಲ. ‘ಸಾರ್ವಜನಿಕ–ಖಾಸಗಿ ಸಹಭಾಗಿತ್ವ’ ಎನ್ನುವ ರಸ್ತೆ ಕಾಮಗಾರಿಯಲ್ಲೂ ಬಂಡವಾಳ, ಲಾಭ, ನಷ್ಟ ಯಾರಿಗೆಷ್ಟು ಎಂದು ಬರೆದಿರುತ್ತಾರೆ. ಕಲೆಗೂ ಅಷ್ಟೇ ಬಿಗಿ ಇರಲಿ: ಆ ವ್ಯಕ್ತಿ ಬಾರದೆ ಇದ್ದರೆ ಕೃತಿ ಬೇರೆಯಾಗುತ್ತಿತ್ತೇ? ಇಲ್ಲವೆಂದರೆ ಅವರು ಪ್ರೇಕ್ಷಕರು. ಪ್ರೇಕ್ಷಕರಾಗುವುದರಲ್ಲಿ ಕೊರತೆ ಏನೂ ಇಲ್ಲ, ಹೆಸರು ಸರಿಯಾಗಿ ಕರೆಯಬೇಕು.

ಈ ಅಳತೆಗೆ ನಿಲ್ಲುವ ಕೃತಿಗೆ ಒಂದು ಉದಾಹರಣೆ: 1980ರ ನವೆಂಬರಿನಲ್ಲಿ ಅಮೆರಿಕದ ಕಲಾವಿದರಾದ ಕಿಟ್ ಗ್ಯಾಲೊವೇ ಮತ್ತು ಶೆರಿ ರಬಿನೊವಿಟ್ಜ್ ನ್ಯೂಯಾರ್ಕಿನ ಒಂದು ಬೀದಿಬದಿಯನ್ನೂ ಲಾಸ್ ಏಂಜಲೀಸಿನ ಒಂದು ಅಂಗಡಿಯ ಮುಂಭಾಗವನ್ನೂ ಉಪಗ್ರಹದ ಮೂಲಕ ಮೂರು ಸಂಜೆ ಜೋಡಿಸಿದರು. ಆಚೆಯವರು ಪರದೆಯಲ್ಲಿ ಆಳೆತ್ತರಕ್ಕೆ ಎದುರು ನಿಂತಂತೆ ಕಾಣುತ್ತಿದ್ದರು. ಫಲಕವಿಲ್ಲ, ವಿವರಣೆಯಿಲ್ಲ. ತಮ್ಮ ಮುಖ ತಮಗೇ ಕಾಣುವ ಪರದೆಯನ್ನೂ ಇಡಲಿಲ್ಲ. ಅದು ಇದ್ದರೆ ಜನ ಕೂದಲು ಸರಿಮಾಡಿಕೊಳ್ಳುತ್ತಾರೆ, ಎದುರಿನವರನ್ನು ನೋಡುವುದಿಲ್ಲ. ಮೂರನೆಯ ಸಂಜೆಗೆ ದೂರವಾಗಿದ್ದ ಮನೆಮಂದಿ ಹೊತ್ತು ಗೊತ್ತುಮಾಡಿಕೊಂಡು ಎರಡೂ ತುದಿಗೆ ಬಂದಿದ್ದರು. ಕೃತಿ ಎಂದರೆ ಅವರ ಮಾತೇ. 1984ರ ಜನವರಿ 1ರಂದು ಕೊರಿಯಾ ಮೂಲದ ವಿಡಿಯೊ ಕಲಾವಿದ ನಾಮ್ ಜೂನ್ ಪೈಕ್ ಮಾಡಿದ ಉಪಗ್ರಹ ಪ್ರಸಾರ ದೊಡ್ಡ ಕೆಲಸ, ಆದರೆ ಮನೆಯಲ್ಲಿ ಕೂತವರು ಅದನ್ನು ನೋಡಿದರಷ್ಟೇ.

ನಮ್ಮಲ್ಲಿ ಮಾಡುವುದಾದರೆ ಬೆಂಗಳೂರು–ಕಲಬುರಗಿ ನಡುವೆ ಒಂದು ಚುಕ್ಕಿ ರಂಗೋಲಿ ಸಾಕು. ಇಲ್ಲಿನವರು ಏಳಕ್ಕೆ ಏಳು ಚುಕ್ಕಿ ಇಡಲಿ, ಅಲ್ಲಿನವರು ಗೆರೆ ಎಳೆಯಲಿ. ಎರಡೂ ಕಡೆ ಆರಡಿ ಚೌಕ, ನಾಲ್ಕು ಮೂಲೆಗೆ ಟೇಪು. ಕ್ಯಾಮೆರಾ ಚೌಕದ ನಡುವಿಗೆ ನೇರ ಮೇಲಿರಬೇಕು. ಓರೆಯಾದರೆ ಒಂದು ಬದಿ ಕುಗ್ಗಿ ಚುಕ್ಕಿಸಾಲು ಕೂಡುವುದಿಲ್ಲ. ಚುಕ್ಕಿಗಳ ಫೋಟೊ ಕಳಿಸಿ, ಅಲ್ಲಿ ಪ್ರೊಜೆಕ್ಟರಿನಿಂದ ನೆಲಕ್ಕೆ ಬಿಟ್ಟು ಟೇಪಿಗೆ ಟೇಪು ಹೊಂದಿಸಿ. ಫೋಟೊ ಬದಲು ಎರಡೂ ಕಡೆ ನೇರ ವಿಡಿಯೊ ಹಾಯಿಸಿದರೆ ಕ್ಯಾಮೆರಾ ಆ ಬೆಳಕನ್ನೂ ಹಿಡಿದು ಹಿಂದಕ್ಕೆ ಕಳಿಸುತ್ತದೆ, ಗೆರೆಯ ಮೇಲೆ ಗೆರೆಯ ನೆರಳು ಕೂತು ಎಲ್ಲ ಕದಡುತ್ತದೆ. ಸಗಣಿ ಸಾರಿಸಿದ ನೆಲ ಬೆಳಕು ಹೀರುತ್ತದೆ; ಬೂದುಬಣ್ಣದ ಸಿಮೆಂಟ್ ನೆಲ ಇರಲಿ, ಕೆಲಸ ಹೊತ್ತು ಮುಳುಗಿದ ಮೇಲೆ.

ಹಾಡು ಬೇಕೆಂದರೆ ಒಟ್ಟಿಗೆ ಹಾಡಿಸಬೇಡಿ. ದನಿ ಸುಮಾರು 30 ಮಿಲಿಸೆಕೆಂಡಿಗಿಂತ ತಡವಾದರೆ ತಾಳ ಎಳೆಯತೊಡಗುತ್ತದೆ, ಇಂಟರ್ನೆಟ್ ಕರೆಗಳಲ್ಲಿ ತಡ ಅದಕ್ಕಿಂತ ಹೆಚ್ಚೇ. ಸೋಬಾನೆಯ ಹಾಗೆ ಒಂದು ಕಡೆ ಹಾಡಿ, ಇನ್ನೊಂದು ಕಡೆ ಸೊಲ್ಲು ಹಿಡಿದರೆ ಆ ತಡ ಉಸಿರಿನ ಬಿಡುವಿನಲ್ಲಿ ಕರಗುತ್ತದೆ.

ಒಂದು ಸುತ್ತು ಮುಗಿದ ಮೇಲೆ ಅದಲುಬದಲು: ಚುಕ್ಕಿ ಅವರದು, ಗೆರೆ ನಮ್ಮದು. ಆದರೆ ಮೊದಲ ಸುತ್ತಿನ ನಡುವೆ ಅಲ್ಲಿ ಕರೆಂಟ್ ಹೋಯಿತೆಂದು ಅವರ ಗೆರೆಯನ್ನು ಇಲ್ಲಿನವರೇ ಎಳೆದು ಮುಗಿಸಬಾರದು. ಚುಕ್ಕಿ ಹಾಗೇ ಇರಲಿ, ಅವರು ಬರುವವರೆಗೆ.