ಇದು ಎಣ್ಣೆಯಲ್ಲ ಸ್ವಾಮಿ, ಹೆಪ್ಪು

ಹಿರಿಯೂರು ಕಡೆಯಿಂದ ಫೋನ್ ಬಂದರೆ ಅರ್ಧ ಮಾತು ನನಗೆ ಮೊದಲೇ ಗೊತ್ತಿರುತ್ತದೆ. "ಸರ್, ಟೊಮೆಟೊ ಬೇರೆಲ್ಲ ಗಂಟು. ಆ ಜೈವಿಕ ಪುಡಿ ಡ್ರಿಪ್‌ನಲ್ಲಿ ಬಿಟ್ಟು ಎಂಟು ದಿನ ಆಯ್ತು. ಏನೂ ಆಗಿಲ್ಲ."

ಆಗಲ್ಲ. ಎಂಟು ದಿನಕ್ಕೆ ಆಗೋ ಕೆಲಸ ಅಲ್ಲ ಅದು.

ಆ ಪುಡಿಯಲ್ಲಿರುವುದು ಪರ್ಪ್ಯೂರಿಯೊಸಿಲಿಯಂ ಅನ್ನೋ ಶಿಲೀಂಧ್ರ. ಪೆಸಿಲೋಮೈಸಿಸ್ ಅಂತ ಬರೆದಿದ್ದರೂ ಗಾಬರಿ ಬೇಡ, ಅದು ಇದರದೇ ಹಳೇ ಹೆಸರು. ಇದು ಮುಖ್ಯವಾಗಿ ತಿನ್ನುವುದು ಬೇರಲ್ಲಿ ಗಂಟು ಮಾಡುವ ಜಂತುಹುಳುವಿನ (ನೆಮಟೋಡ್) ಮೊಟ್ಟೆಯನ್ನು. ಹೆಣ್ಣು ಹುಳು ಬೇರಿನೊಳಗೆ ಕೂತು, ಲೋಳೆಯಂಥ ಒಂದು ಮುದ್ದೆಯಲ್ಲಿ 300-400 ಮೊಟ್ಟೆ ಇಡುತ್ತದೆ. ಶಿಲೀಂಧ್ರ ಆ ಮುದ್ದೆಗೆ ನುಗ್ಗಿ ಮೊಟ್ಟೆಯ ಸಿಪ್ಪೆ ಕೊರೆಯುತ್ತದೆ. ಅಂದರೆ ಮುಂದಿನ ಸಂತಾನ ಕಡಿಮೆಯಾಗುತ್ತದೆ, ಅಷ್ಟೇ. ಈಗಾಗಲೇ ಊದಿದ ಗಂಟು ಕರಗೋದಿಲ್ಲ. ನಮ್ಮ ಬೆಚ್ಚನೆ ಮಣ್ಣಲ್ಲಿ ಸುಮಾರು 25-30 ದಿನಕ್ಕೆ ಹುಳುವಿನ ಒಂದು ತಲೆಮಾರು ಮುಗಿಯುತ್ತದೆ. ಗಿಡ ಬಾಡಿದ ಮೇಲೆ ಓಡಿ ಬಂದರೆ ಎಷ್ಟು ತಲೆಮಾರು ದಾಟಿರುತ್ತದೆ, ನೀವೇ ಲೆಕ್ಕ ಹಾಕಿ.

ಇದು ಹೊಡೆದ ಕೂಡಲೇ ಕೊಲ್ಲುವ ಎಣ್ಣೆ, ಅಂದರೆ ಕೀಟನಾಶಕ, ಅಲ್ಲ; ಹೆಪ್ಪು ಅಂದುಕೊಳ್ಳಿ. ಖಾಲಿ ಪಾತ್ರೆಗೆ ಹೆಪ್ಪು ಹಾಕಿ ಬೆಳಿಗ್ಗೆ ಮೊಸರು ಹುಡುಕ್ತೀರಾ? ಇಲ್ಲಿ ಹಾಲು ಅಂದರೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಜೊತೆಗೆ ಬೇವಿನ ಹಿಂಡಿ. ಪುಡಿಯನ್ನು ಅದಕ್ಕೆ ಬೆರೆಸಿ, ನೆರಳಲ್ಲಿ ಗುಡ್ಡೆ ಹಾಕಿ, ತೇವ ಆರದಂತೆ ಹದಿನೈದು ದಿನ ಇಡಿ. ನಾಟಿಗೆ ಮೊದಲೇ ಮಡಿಗೆ ಸೇರಿಸಿ. ಸಸಿ ಮಡಿಯಿಂದಲೇ ಶುರು ಮಾಡಿದರೆ ಇನ್ನೂ ಒಳ್ಳೇದು. ಪ್ರಮಾಣಕ್ಕೆ ಪ್ಯಾಕೆಟ್ ಓದಿ, ನನ್ನ ಬಾಯಿ ಲೆಕ್ಕ ನಂಬಬೇಡಿ.

ಒಮ್ಮೆ ಜಗಳೂರು ಹತ್ತಿರ ಒಬ್ಬ ಯಜಮಾನರು ಒಂದೇ ಡ್ರಮ್ಮಿಗೆ ಟ್ರೈಕೋಡರ್ಮಾ ಅನ್ನೋ ಉಪಕಾರಿ ಶಿಲೀಂಧ್ರಾನೂ ಸುರಿದು, ಕಾರ್ಬೆಂಡಜಿಮ್ ಅನ್ನೋ ಶಿಲೀಂಧ್ರನಾಶಕಾನೂ ಸುರಿದು, ಕೋಲಲ್ಲಿ ತಿರುವುತ್ತಾ ನಿಂತಿದ್ದರು. "ಎರಡೂ ಒಂದೇ ಕೂಲಿಗೆ ಮುಗೀತದೆ ಸರ್" ಅಂದರು. ಶಿಲೀಂಧ್ರ ಸಾಕುವುದೂ ಅಲ್ಲೇ, ಶಿಲೀಂಧ್ರ ಕೊಲ್ಲುವುದೂ ಅಲ್ಲೇ! ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಅವರ ಮನೆಯವರು ತಂದ ಮಜ್ಜಿಗೆ ಕುಡಿದು ಸುಮ್ನೆ ಕೂತೆ.

ಇನ್ನು ಕೆಲವರು ಅಲಸಂದೆ ಬೇರು ಕಿತ್ತು ತಂದು "ಇದಕ್ಕೂ ಬಂದೈತೆ" ಅಂತಾರೆ. ಉಗುರಲ್ಲಿ ಒತ್ತಿ ನೋಡಿ. ಕಾಳಿನ ಹಾಗೆ ಉದುರಿದರೆ ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಗಂಟು, ನಿಮ್ಮ ಲಾಭ. ಬೇರು ತಾನೇ ಊದಿದ್ದು, ಗಂಟು ಬಿಡಿಸಿದರೂ ಬರದಿದ್ದರೆ ಆಗ ಫೋನ್ ಮಾಡಿ. ಬಾಡಿದ್ದಕ್ಕೆಲ್ಲ ಜಂತುಹುಳುವೇ ಕಾರಣ ಅಂತ ಬೇರು ತೊಳೆದು ನೋಡದೆ ನಾನಂತೂ ಹೇಳಲ್ಲ.

ಪ್ಯಾಕೆಟ್ಟನ್ನು ಪಂಪ್‌ಸೆಟ್ ಶೆಡ್ಡಿನ ತಗಡಿನ ಕೆಳಗೆ ಬೇಸಿಗೆಯಲ್ಲಿ ಇಡಬೇಡಿ, ಒಳಗಿನ ಜೀವ ಸಾಯುತ್ತದೆ. ಜಗಳೂರಿನ ಯಜಮಾನರಿಗೆ ಇದನ್ನು ಬಿಡಿಸಿ ಹೇಳಿದ್ದೆ. ಈ ಸಲ ಕೇಳಿದರೆ ಮಂಚದ ಕೆಳಗೆ, ಬೀಜದ ಈರುಳ್ಳಿ ಪಕ್ಕ ಇಟ್ಟಿದ್ದಾರಂತೆ. "ಹೊರಗಿಡು ಅಂತ ಮನೇಲಿ ದಿನಾ ಜಗಳ ಸರ್" ಅಂದರು.