ಮುಧೋಳ ನಾಯಿಯ ಪಕ್ಕೆಲುಬು ಎಣಿಸೋರಿಗೆ

ಹೋದ ವಾರ ಒಬ್ಬರು ವಾಟ್ಸಾಪಲ್ಲಿ ಫೋಟೋ ಕಳಿಸಿದ್ರು, ಜೊತೆಗೆ ಅಳೋ ಮುಖದ ಎಮೋಜಿ ಮೂರು. "ಸಾರ್ ನೋಡಿ, ದಿನಕ್ಕೆ ನಾಲ್ಕು ಸಲ ಹಾಕ್ತೀನಿ, ಆದ್ರೂ ಎಲುಬು ಕಾಣ್ತಾ ಇದೆ, ಏನಾದ್ರೂ ಟಾನಿಕ್ ಬರೆದುಕೊಡಿ" ಅಂತ. ಫೋಟೋದಲ್ಲಿದ್ದದ್ದು ಹದಿನಾಲ್ಕು ತಿಂಗಳ ಗಂಡು ಮುಧೋಳ. ಮೈ ಎಣ್ಣೆ ಹಚ್ಚಿದಂಗೆ ಮಿಂಚ್ತಿತ್ತು, ತೊಡೆ ಕಲ್ಲಿನಂಗಿತ್ತು, ಕತ್ತು ನೀಡಿ ದೂರದಲ್ಲಿ ಏನನ್ನೋ ನೋಡ್ತಾ ನಿಂತಿತ್ತು, ಅಳಿಲು ಇರ್ಬೇಕು. "ನಾಯಿ ಚೆನ್ನಾಗಿದೆ, ನಾಲ್ಕನ್ನ ಎರಡಕ್ಕೆ ಇಳಿಸಿ" ಅಂತ ಬರೆದೆ. ಬ್ಲೂ ಟಿಕ್ ಬಂತು, ಉತ್ತರ ಬರ್ಲಿಲ್ಲ. ಟಾನಿಕ್ ಬರೆದುಕೊಡೋ ಡಾಕ್ಟ್ರು ಸಿಕ್ಕಿರ್ತಾರೆ ಬಿಡಿ.

2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋದ ಮನ್ ಕಿ ಬಾತ್‌ನಲ್ಲಿ ದೇಸಿ ನಾಯಿ ಸಾಕಿ ಅಂತ ಹೇಳ್ತಾ ಮುಧೋಳದ ಹೆಸರು ತೆಗೆದ್ರು ನೋಡಿ, ಆಮೇಲೆ ಬೆಂಗಳೂರಲ್ಲಿ ನಮ್ಮಂಥ ಸಣ್ಣ ಕ್ಲಿನಿಕ್ಕುಗಳಿಗೂ ಈ ನಾಯಿಗಳು ಬರೋಕೆ ಶುರುವಾದ್ವು. ಅದಕ್ಕೂ ಮುಂಚೆ, 2016ರಲ್ಲಿ, ಸೇನೆಯವರು ಮರಿಗಳನ್ನ ಮೀರತ್‌ಗೆ ತರಬೇತಿಗೆ ಒಯ್ದಾಗ್ಲೂ ಪೇಪರಲ್ಲಿ ಬಂದಿತ್ತು. ಖುಷಿಯೇ. ನಮ್ಮ ಬಾಗಲಕೋಟೆ ಜಿಲ್ಲೆ ನಾಯಿ ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ ಓಡಾಡೋದು ನೋಡಿದ್ರೆ ನಂಗೆ ಒಳಗೊಳಗೇ ಒಂಥರಾ ಹೆಮ್ಮೆ. ಆದ್ರೆ ಅದರ ಜೊತೆ ಬಂದ ಒಂದೇ ಒಂದು ಪ್ರಶ್ನೆ ನನ್ನ ತಲೆ ತಿಂತಾ ಇದೆ: "ಯಾಕೆ ಸಾರ್ ಇಷ್ಟು ಸಣ್ಣ ಇದೆ?"

ಯಾಕಂದ್ರೆ ಅದು ಇರೋದೇ ಹಂಗೆ. ಇದನ್ನ ಎಷ್ಟು ಸಲ ಹೇಳಿದ್ರೂ ಜನಕ್ಕೆ ಸಮಾಧಾನ ಆಗಲ್ಲ, ಅದಕ್ಕೇ ಇವತ್ತು ಬೇರೆ ಎಲ್ಲಾ ಬಿಟ್ಟು ಇದೊಂದನ್ನೇ ಬರೀತೀನಿ. ಲಸಿಕೆ, ಜಂತುಹುಳದ ಮಾತ್ರೆ, ಇವೆಲ್ಲ ಗೊತ್ತಿರೋದೇ.

ಮುಧೋಳ ನಾಯಿ ಮೂಸಿ ಬೇಟೆ ಆಡೋ ಜಾತಿ ಅಲ್ಲ, ಕಣ್ಣಲ್ಲಿ ನೋಡಿ ಬೆನ್ನಟ್ಟಿ ಹಿಡಿಯೋ ಜಾತಿ. ಗ್ರೇಹೌಂಡ್, ಸಲೂಕಿ ಇವೆಲ್ಲ ಅದರ ಬಳಗ. ಉದ್ದ ಮೂತಿ, ಆಳದ ಎದೆ, ಮೇಲಕ್ಕೆ ಎಳೆದು ಕಟ್ಟಿದಂಗಿರೋ ಹೊಟ್ಟೆ, ಉದ್ದ ಕಾಲು. ಪೂರ್ತಿ ವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲೂ ನಾಲ್ಕೂ ಕಾಲು ಎರಡೆರಡು ಸಲ ನೆಲ ಬಿಟ್ಟಿರುತ್ತೆ, ಒಮ್ಮೆ ಮೈ ಬಿಲ್ಲಿನಂಗೆ ಮಡಚಿದಾಗ, ಇನ್ನೊಮ್ಮೆ ಪೂರ್ತಿ ಚಾಚಿದಾಗ. ಚಾಚಿದ ನೆಗೆತದಿಂದ ಇಳಿಯೋ ಆ ಮೈಯ ಭಾರ ಬೀಳೋದು ತೆಳ್ಳನೆ ಮುಂಗಾಲು, ಮಣಿಕಟ್ಟು, ಬೆರಳಿನ ಮೇಲೆ. ಈಗ ಆ ಮೈಗೆ ಇನ್ನೊಂದು ಎಂಟು ಕೆಜಿ ಸೇರಿಸಿ ನೋಡಿ. ಗಂಡು ನಾಯಿ ಭುಜದ ಹತ್ರ 68ರಿಂದ 72 ಸೆಂಟಿಮೀಟರ್ ಎತ್ತರ ಇರುತ್ತೆ, ಹೆಣ್ಣು ಒಂದು ನಾಲ್ಕು ಕಡಿಮೆ. ಅಷ್ಟು ಎತ್ತರದ ನಾಯಿ ತೂಕದಲ್ಲಿ ಮಾತ್ರ 20ರಿಂದ 28 ಕೆಜಿ ಒಳಗೇ ಇರುತ್ತೆ ಸಾಮಾನ್ಯವಾಗಿ. ಪಕ್ಕದ ಮನೆ ಲ್ಯಾಬ್ರಡಾರ್ ಇದಕ್ಕಿಂತ ಗಿಡ್ಡ, ಆದ್ರೆ ತೂಕ ಜಾಸ್ತಿ. ಜನರ ಕಣ್ಣಿಗೆ ಲ್ಯಾಬ್ರಡಾರ್ ಅಂದ್ರೆ ನಾಯಿ, ಉಳಿದಿದ್ದೆಲ್ಲ ಅದರ ಲೆಕ್ಕದಲ್ಲಿ ದಪ್ಪ ಅಥ್ವಾ ಸಣ್ಣ.

ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಮುಧೋಳ ತಾಲೂಕಿನ ಲೋಕಾಪುರದ ಕಡೆ ಕೆಲವು ವರ್ಷ ಇದ್ದೆ. ಆ ಭಾಗದಲ್ಲಿ ಎಷ್ಟೋ ಮನೆಗಳಿಗೆ ಈ ನಾಯಿಯ ಮರಿ ಮಾರಿ ಬರೋ ದುಡ್ಡೂ ಒಂದು ಆದಾಯ, ಕುರಿ ಕೋಳಿ ಸಾಕಿದಂಗೆ ಇದೂ. ನಾನು ಹಳೇ ಮೈಸೂರು ಕಡೆಯೋನು, ಕಾಲೇಜಲ್ಲಿ ಓದಿದ್ದೆಲ್ಲ ಹಸು ಎಮ್ಮೆ, ಮೊದಲ ಸಲ ಒಬ್ಬರು ಅಜ್ಜಾರ ಮನೆ ಅಂಗಳದಲ್ಲಿ ಈ ನಾಯಿ ನೋಡಿ ನಾನೂ ಅದೇ ಪೆದ್ದು ಮಾತು ಆಡಿದ್ದೆ, "ಸ್ವಲ್ಪ ಜಾಸ್ತಿ ಹಾಕಿ ಅಜ್ಜಾರ, ಸೊರಗಿದೆ" ಅಂತ. ಅಜ್ಜ ಬೀಡಿ ಆರಿಸಿ ಎದ್ದು ಬಂದ್ರು. "ಸಾಹೇಬ್ರ, ಇದೇನ್ ಹಯನದ ಎಮ್ಮಿ ಏನ್ರಿ ಕೊಬ್ಬಸಾಕ? ಓಡು ಪ್ರಾಣಿ ಐತಿ. ಕಣ್ಣಿಲೆ ನೋಡಬ್ಯಾಡ್ರಿ, ಕೈ ಆಡಸ್ರಿ" ಅಂತ ನನ್ನ ಕೈ ಹಿಡಿದು ನಾಯಿ ಪಕ್ಕೆ ಮೇಲೆ ಇಟ್ರು, ಆಮೇಲೆ ಬೆನ್ನ ಮೇಲೆ, ಆಮೇಲೆ ತೊಡೆ ಹಿಂಡಿಸಿದ್ರು. ಎಲುಬಿನ ಮೇಲೆ ತೆಳ್ಳಗೆ ಚರ್ಮ, ಆದ್ರೆ ಬೆನ್ನುಮೂಳೆ ಎರಡೂ ಕಡೆ ಹಗ್ಗ ಹೊಸೆದಂಗೆ ಮಾಂಸಖಂಡ. ಆ ನಾಯಿಯ ಊಟ ಜೋಳದ ನುಚ್ಚು, ಹಾಲು, ಎರಡು ದಿನಕ್ಕೊಂದು ತತ್ತಿ, ಮನೇಲಿ ಉಳಿದ ರೊಟ್ಟಿ. ಇದನ್ನೇ ಹಾಕಿ ಅಂತ ನಾನು ಹೇಳ್ತಾ ಇಲ್ಲ, ಒಳ್ಳೇ ಡಾಗ್‌ಫುಡ್ಡೋ ಚಿಕನ್ ಅನ್ನವೋ ಏನಾದ್ರೂ ಹಾಕಿ, ಪ್ರೋಟೀನ್ ಅಜ್ಜಾರ ನಾಯಿಗಿಂತ ಜಾಸ್ತಿಯೇ ಇರ್ಲಿ, ನನ್ನ ತಕರಾರು ಇರೋದು ಅಳತೆ ಬಗ್ಗೆ ಮಾತ್ರ.

ಅಜ್ಜ ಕಲಿಸಿದ್ದನ್ನೇ ನಾನು ಈಗ್ಲೂ ಕ್ಲಿನಿಕ್ಕಲ್ಲಿ ಮಾಡಿಸೋದು, ಸ್ವಲ್ಪ ಪುಸ್ತಕದ್ದು ಸೇರಿಸಿ. ನಿಮ್ಮ ಎಡಗೈ ಚಾಚಿ, ಅಂಗೈ ಕೆಳಗೆ ಮಾಡಿ. ಆ ಅಂಗೈಯ ಹಿಂಭಾಗದ ಮೇಲೆ ಬಲಗೈ ಬೆರಳು ಆಡಿಸಿ, ಮೂಳೆ ಕೈಗೆ ಸಿಗುತ್ತೆ ಆದ್ರೆ ಚುಚ್ಚಲ್ಲ, ಅಲ್ವಾ? ನಾಯಿ ಪಕ್ಕೆ ಮುಟ್ಟಿದ್ರೆ ಹಂಗಿರ್ಬೇಕು. ಮುಷ್ಟಿ ಕಟ್ಟಿ ಗೆಣ್ಣಿನ ಮೇಲೆ ಬೆರಳು ಆಡಿಸಿದಂಗೆ ಉಬ್ಬುತಗ್ಗು ಸಿಕ್ರೆ ಸೊರಗಿದೆ. ಅಂಗೈ ಮುಟ್ಟಿದಂಗೆ ಮೆತ್ತಗಿದ್ರೆ, ಸ್ವಾಮಿ, ಊಟ ಕಡಿಮೆ ಮಾಡಿ. ಮುಧೋಳ ನಿಂತಾಗ ಕೊನೆಯ ಎರಡು ಮೂರು ಪಕ್ಕೆಲುಬು ಬರಿಗಣ್ಣಿಗೆ ಕಾಣೋದು, ಸೊಂಟದ ಎರಡು ಮೂಳೆ ತುದಿ ಸ್ವಲ್ಪ ಎದ್ದಿರೋದು, ಇವೆಲ್ಲ ಸರಿಯೇ. ತಿರುಗಿ ನೋಡುವಾಗ ಇನ್ನೊಂದೆರಡು ಕಾಣ್ತವೆ. ಎಣಿಸ್ತಾ ಕೂರಬೇಡಿ.

ಮರಿಗಳ ವಿಷಯದಲ್ಲಂತೂ ಇನ್ನೂ ಮೋಸ. ಐದಾರು ತಿಂಗಳಿಂದ ಒಂದು ವರ್ಷದವರೆಗೆ ಈ ನಾಯಿ ನೋಡೋಕೆ ಚೆನ್ನಾಗೇ ಇರಲ್ಲ, ಬರೀ ಕಾಲು, ಬರೀ ಮೂತಿ, ಹೈಸ್ಕೂಲಿನ ಹುಡುಗರ ಥರ. ಆಗ ಭಯ ಬಿದ್ದು ಕ್ಯಾಲ್ಸಿಯಂ ಸಿರಪ್ಪು, ಪ್ರೋಟೀನ್ ಪೌಡರು ಅಂತ ಸುರೀತಾರೆ. ದೊಡ್ಡ ಜಾತಿ ಮರಿಗೆ ಬ್ಯಾಲೆನ್ಸ್ ಆಗಿರೋ ಊಟದ ಮೇಲೆ ಮತ್ತೆ ಕ್ಯಾಲ್ಸಿಯಂ ಹಾಕಿದ್ರೆ ಮೂಳೆ ಗಟ್ಟಿಯಾಗಲ್ಲ, ಬೆಳವಣಿಗೆಯೇ ಸೊಟ್ಟ ಆಗೋ ಅಪಾಯ ಇದೆ. ಬರೀ ಅನ್ನ ಹಾಕ್ತೀರೋ, ಮಾಂಸ ಹಾಕ್ತೀರೋ, ಅದರ ಮೇಲೆ ಲೆಕ್ಕ ಬದಲಾಗುತ್ತೆ, ಕೇಳಿ ಕೊಡಿ ಅಷ್ಟೆ.

ದಪ್ಪ ಮಾಡಿದ್ಮೇಲೆ ಬರೋ ಇನ್ನೊಂದು ರಗಳೆ ಥೈರಾಯ್ಡ್. ನಾಯಿ ಮಂಕಾಗಿದೆ, ಓಡಲ್ಲ, ದಪ್ಪ ಆಗಿದೆ, ಟೆಸ್ಟ್ ಮಾಡ್ಸೋಣ ಅಂತಾರೆ. ಟೆಸ್ಟಲ್ಲಿ ಟಿ4 ಅನ್ನೋ ಥೈರಾಯ್ಡ್ ಹಾರ್ಮೋನ್ ಕಡಿಮೆ ಬರುತ್ತೆ. ಗ್ರೇಹೌಂಡ್ ಬಳಗದ ನಾಯಿಗಳಲ್ಲಿ ಅದು ಹುಟ್ಟಿನಿಂದಲೇ ಕಡಿಮೆ ಇರೋದು ಸಾಮಾನ್ಯ, ಆದ್ರೆ ಲ್ಯಾಬ್ ಕಾಗದದಲ್ಲಿ ಎಲ್ಲಾ ನಾಯಿಗೂ ಒಂದೇ ರೇಂಜ್ ಹಾಕಿರ್ತಾರೆ. ಅಲ್ಲಿಗೆ ಆರೋಗ್ಯವಾಗಿದ್ದ ನಾಯಿಗೆ ಜೀವನಪೂರ್ತಿ ಮಾತ್ರೆ. ನಾನು ಹೇಳೋದು, ಒಂದು ನಂಬರ್ ನೋಡಿ ಮಾತ್ರೆ ಶುರು ಮಾಡಬೇಡಿ, ಮೊದಲು ಬಟ್ಟಲು ನೋಡಿ. ಹಂಗಂತ ಈಗ ಮಾತ್ರೆ ತಗೋತಾ ಇರೋ ನಾಯಿಗೆ ಇದನ್ನ ಓದಿ ನಾಳೆಯಿಂದ ನಿಲ್ಲಿಸಬೇಡಿ, ನೋಡ್ತಿರೋ ಡಾಕ್ಟ್ರನ್ನೇ ಕೇಳಿ.

ಅನಸ್ತೇಶಿಯಾ ಬಗ್ಗೆನೂ ಹೇಳಿಬಿಡ್ತೀನಿ. ಮೈಯಲ್ಲಿ ಕೊಬ್ಬು ಕಡಿಮೆ ಇರೋದ್ರಿಂದ, ಇವುಗಳ ಲಿವರ್ ಕೆಲವು ಔಷಧಿ ನಿಧಾನಕ್ಕೆ ಕರಗಿಸೋದ್ರಿಂದ, ಥಯೋಪೆಂಟೋನ್ ಅಂಥ ಹಳೇ ಇಂಜೆಕ್ಷನ್ ಕೊಟ್ರೆ ಗಂಟೆಗಟ್ಲೆ ಏಳಲ್ಲ. ಅದಕ್ಕೆ ಈಗ ಬೇರೆ ಔಷಧಿ ಇದೆ, ಆಪರೇಷನ್‌ಗೆ ಮುಂಚೆ ಇದು ಮುಧೋಳ ಅಂತ ನೆನಪು ಮಾಡಿದ್ರೆ ಸಾಕು. ಇದನ್ನ ಒಬ್ಬರಿಗೆ ವಿವರಿಸಿದೆ, ಗಂಭೀರವಾಗಿ ಕೇಳಿಸ್ಕೊಂಡು "ಹಾಗಾದ್ರೆ ಆಪರೇಷನ್‌ಗೆ ಮುಂಚೆ ಎರಡು ತಿಂಗಳು ತುಪ್ಪ ಹಾಕಿ ಕೊಬ್ಬಿಸ್ಲಾ ಸಾರ್?" ಅಂದ್ರು. ಆ ದಿನ ಮಧ್ಯಾಹ್ನ ನಾನು ಊಟ ಮಾಡ್ಲಿಲ್ಲ.

ಈಗ ನನ್ನ ತಪ್ಪು ಹೇಳ್ಕೋತೀನಿ, ಇಲ್ದಿದ್ರೆ ಈ ಲೇಖನ ಅಪಾಯಕಾರಿ. ಮೂರ್ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗಿ ಫೋನ್ ಮಾಡಿ "ಸಾರ್, ರಾಣಿ ಸಣ್ಣ ಆಗ್ತಿದಾಳೆ" ಅಂದ್ಲು. ದಿನಕ್ಕೆ ಹತ್ತು ಜನರಿಂದ ಇದೇ ಕೇಳಿ ಬೇಜಾರಾಗಿತ್ತು, "ಆ ಜಾತಿನೇ ಹಂಗಮ್ಮ" ಅಂತ ಫೋನ್ ಇಟ್ಟೆ. ಮೂರು ವಾರ ಬಿಟ್ಟು ಆಟೋದಲ್ಲಿ ಹೊತ್ಕೊಂಡು ಬಂದ್ಲು. ಒಸಡು ಬೆಳ್ಳಗೆ, ಮೂಗಲ್ಲಿ ರಕ್ತ, ತಲೆ ಮೇಲಿನ ಮಾಂಸ ಇಳಿದು ನಡು ನೆತ್ತಿ ಮೂಳೆ ಚೂಪಾಗಿ ಎದ್ದಿತ್ತು. ಉಣ್ಣೆ ಹುಳ ಕಚ್ಚಿ ಬರೋ ಜ್ವರ, ಎರ್ಲಿಕಿಯಾ. ಪ್ಲೇಟ್ಲೆಟ್ 40 ಸಾವಿರ. ರಿಪೋರ್ಟಲ್ಲಿ ಹೀಮಟೋಕ್ರಿಟ್, ಅಂದ್ರೆ ರಕ್ತದಲ್ಲಿ ಕೆಂಪು ಕಣದ ಶೇಕಡಾ ಪಾಲು, 38, ಲ್ಯಾಬ್ ಪ್ರಕಾರ ನಾರ್ಮಲ್, ಆದ್ರೆ ಈ ಬಳಗದ ನಾಯಿಗಳಿಗೆ ಕೆಂಪು ರಕ್ತಕಣ ಬೇರೆ ನಾಯಿಗಿಂತ ಜಾಸ್ತಿ ಇರೋದ್ರಿಂದ ಆ ನಾರ್ಮಲ್ ನನ್ನ ಲೆಕ್ಕದಲ್ಲಿ ಕಡಿಮೆಯೇ. ಡಾಕ್ಸಿಸೈಕ್ಲಿನ್ 28 ದಿನ ಕೊಟ್ಟು, ಪುಣ್ಯಕ್ಕೆ ಉಳೀತು. ಅವಳು ನನ್ನ ಬೈಲಿಲ್ಲ, ಬೈದಿದ್ರೆ ಚೆನ್ನಾಗಿರ್ತಿತ್ತು.

ಆವತ್ತಿಂದ ನಾನು ಕೇಳೋದು "ಸಣ್ಣ ಇದೆಯಾ" ಅಂತ ಅಲ್ಲ, "ಸಣ್ಣ ಆಗ್ತಿದೆಯಾ" ಅಂತ. ಯಾವಾಗ್ಲೂ 24 ಇದ್ದದ್ದು ಈಗ್ಲೂ 24 ಇದ್ರೆ ನಿದ್ದೆ ಮಾಡಿ. ಹೋದ ತಿಂಗಳು 24, ಈ ತಿಂಗಳು 21 ಅಂದ್ರೆ ಅವತ್ತೇ ಕರ್ಕೊಂಡು ಬನ್ನಿ. ಸೊರಗೋ ನಾಯಿಯಲ್ಲಿ ಎಲುಬಿಗಿಂತ ಮುಂಚೆ ತೊಡೆ, ತಲೆ, ಬೆನ್ನಿನ ಮಾಂಸ ಇಳಿಯುತ್ತೆ, ಕೂದಲು ಮಂಕಾಗುತ್ತೆ, ಬಟ್ಟಲು ಹಾಗೇ ಉಳಿಯುತ್ತೆ. ತಿಂಗಳಿಗೊಮ್ಮೆ ನೀವು ಅದನ್ನ ಎತ್ಕೊಂಡು ಮನೆ ಮಷೀನ್ ಮೇಲೆ ನಿಲ್ಲಿ, ಆಮೇಲೆ ನಿಮ್ಮ ತೂಕ ಕಳೀರಿ, ಕ್ಯಾಲೆಂಡರ್ ಮೇಲೆ ಬರೆದಿಡಿ. ನಿಮ್ಮ ತೂಕ ಬೇಕಾದ್ರೆ ಗುಟ್ಟಾಗಿಟ್ಕೊಳ್ಳಿ.

ಇನ್ನೊಂದು, ಅಜ್ಜ ಹೇಳಿದ್ದು. "ಓಡಸು ದಿನ ಮುಂಜಾನೆ ಏನೂ ಹಾಕಂಗಿಲ್ರಿ." ಅದರ ಕಾರಣ ಅವ್ರಿಗೆ ಗೊತ್ತಿತ್ತೋ ಏನೋ, ನಮಗೆ ಗೊತ್ತು. ಆಳದ ಎದೆಯ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚ್ಕೊಳ್ಳೋ ಅಪಾಯ ಇದೆ, ಹೊಟ್ಟೆ ತುಂಬಾ ತಿನ್ನಿಸಿ ತಕ್ಷಣ ಓಡಿಸೋದು ಬೇಡ. ವಾಂತಿ ಬರೋ ಥರ ಮಾಡ್ತಿದೆ ಆದ್ರೆ ಏನೂ ಬರ್ತಿಲ್ಲ, ಹೊಟ್ಟೆ ಉಬ್ಬಿದೆ, ಒಂದ್ಕಡೆ ನಿಲ್ತಿಲ್ಲ ಅಂದ್ರೆ ರಾತ್ರಿ ಎರಡು ಗಂಟೆಯಾದ್ರೂ ಸರಿ, ನಂಗೆ ಫೋಟೋ ಕಳಿಸಬೇಡಿ, ಆಪರೇಷನ್ ಇರೋ ಆಸ್ಪತ್ರೆಗೆ ಓಡಿ. ಉಳಿದಂತೆ ದಿನಾ ಓಡಬೇಕು, ಬೇಲಿ ಇರೋ ಜಾಗದಲ್ಲಿ. ಬಾಲ್ಕನಿ ಸಾಕಾಗಲ್ಲ. ರಸ್ತೆಯಲ್ಲಿ ಬೆಲ್ಟ್ ಬಿಚ್ಚಬೇಡಿ, ಬೆಕ್ಕು ಕಂಡ್ರೆ ನಿಮ್ಮ ಕೂಗು ಅದರ ಕಿವಿಗೆ ಬೀಳಲ್ಲ.

ವೈಟ್‌ಫೀಲ್ಡಿನ ಲಿಫ್ಟ್ ಅಂದ್ನಲ್ಲ, ಅಲ್ಲಿನ ಒಬ್ಬ ರಿಟೈರ್ಡ್ ಮೇಷ್ಟ್ರು ನನ್ನ ಹಳೇ ಕ್ಲೈಂಟು. ಅಕ್ಕಪಕ್ಕದವರು "ನಾಯಿಗೆ ಊಟ ಹಾಕಲ್ವಾ" ಅಂತ ಕೇಳಿ ಕೇಳಿ, ಯಾರೋ ಪ್ರಾಣಿದಯೆಯವರಿಗೂ ದೂರು ಕೊಟ್ಟು, ಪಾಪ ಅವಮಾನಕ್ಕೆ ಮೊಸರನ್ನ ತುಪ್ಪ ಬಿಸ್ಕೆಟ್ ಹಾಕಿ 35 ಕೆಜಿ ಮಾಡಿದ್ರು. ಮುಂಗಾಲು ಕುಂಟೋಕೆ ಶುರುವಾಯ್ತು. ಆರು ತಿಂಗಳಲ್ಲಿ ನಿಧಾನಕ್ಕೆ 27ಕ್ಕೆ ಇಳಿಸಿದ್ವಿ, ಕುಂಟು ಬಹಳಷ್ಟು ಹೋಯ್ತು, ದೂರು ಮತ್ತೆ ಶುರುವಾಯ್ತು. ಮೇಷ್ಟ್ರು ಬಂದು ನನ್ನ ಲೆಟರ್‌ಹೆಡ್ ಮೇಲೆ ಒಂದು ಪತ್ರ ಬರೆಸ್ಕೊಂಡ್ರು, "ಈ ನಾಯಿಗೆ ದಿನಕ್ಕೆ ಎರಡು ಹೊತ್ತು ಊಟ ಹಾಕಲಾಗುತ್ತಿದೆ, ಇದರ ಪಕ್ಕೆಲುಬು ಕಾಣುವುದು ಸಹಜ" ಅಂತ, ಸೀಲು ಸಹಿ ಸಮೇತ. ಅದನ್ನ ಲ್ಯಾಮಿನೇಟ್ ಮಾಡಿಸಿ ಲಿಫ್ಟಲ್ಲಿ ಅಂಟಿಸಿದಾರಂತೆ. ಓದಿದ ಮೂರನೇ ಮಹಡಿಯ ದಂಪತಿ ಹೋದ ಶನಿವಾರ ತಮ್ಮ ಲ್ಯಾಬ್ರಡಾರ್ ಕರ್ಕೊಂಡು ಬಂದಿದ್ರು, ಇದರ ಪಕ್ಕೆಲುಬು ಎಲ್ಲಿದೆ ಸಾರ್ ಅಂತ. 46 ಕೆಜಿ. ಇನ್ನೂ ಹುಡುಕ್ತಾ ಇದ್ದೀನಿ.