ಗಾಳಿಗೆ ನಂಬರ್ ಬಂದ ಕಥೆ

ಚಳಿಗಾಲದಲ್ಲಿ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಬೀದಿ ತುದಿಯಲ್ಲಿ ಯಾರೋ ತರಗೆಲೆ ಗುಡ್ಡೆ ಹಾಕಿ ಬೆಂಕಿ ಇಟ್ಟಿರುತ್ತಾರೆ. ಎಲೆಯ ಜೊತೆ ಹಾಲಿನ ಕವರ್, ಥರ್ಮಾಕೋಲ್ ಕೂಡ ಸುಡುತ್ತಿರುತ್ತವೆ. ಅಲ್ಲೇ ಸ್ಕೂಲ್ ವ್ಯಾನಿಗೆ ಕಾಯುವ ಮಕ್ಕಳು ಟೈ ತುದಿಯಿಂದ ಮೂಗು ಮುಚ್ಚಿಕೊಂಡು ನಿಂತಿರುತ್ತಾರೆ. ಮೊನ್ನೆ ಮೊಬೈಲ್ ತೆಗೆದು ನೋಡಿದೆ. ಬೆಂಗಳೂರಿನ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಸೂಚ್ಯಂಕ, ನೂರರ ಒಳಗೇ ಇತ್ತು. ಪಕ್ಕದಲ್ಲಿ ‘ತೃಪ್ತಿಕರ’ ಅಂತ ಬರೆದಿತ್ತು.

ಕಣ್ಣೆದುರಿನ ಹೊಗೆಯೂ ನಿಜ, ಆ ನಂಬರೂ ನಿಜ. ಅದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1952ರ ಡಿಸೆಂಬರ್‌ನಲ್ಲಿ ಲಂಡನ್ ಐದು ದಿನ ಕಲ್ಲಿದ್ದಲಿನ ಹೊಗೆಯಲ್ಲಿ ಮುಳುಗಿತ್ತು. ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳದಂತೆ ಕೂತಿತ್ತು. ಹೊಗೆ ಮೇಲೇರಲೇ ಇಲ್ಲ. ಸುಮಾರು 4,000 ಜನ ಸತ್ತರು ಅಂತ ಆಗ ಲೆಕ್ಕ ಹಾಕಿದ್ದರು. 12,000 ಇರಬಹುದು ಅಂತ ಮುಂದೆ ಸಂಶೋಧಕರು ಹೇಳಿದರು. 1956ರಲ್ಲಿ ಬ್ರಿಟನ್ ಶುದ್ಧ ಗಾಳಿಯ ಕಾನೂನು ತಂದಿತು.

ಆಗೆಲ್ಲ ಮಾಲಿನ್ಯ ಅಂದರೆ ಕಣ್ಣಿಗೆ ಕಾಣುವ ಕಪ್ಪು ಹೊಗೆ. ಆ ತಿಳಿವಳಿಕೆ ಬದಲಾಗಲು 1993ರ ಹಾರ್ವರ್ಡ್ ಅಧ್ಯಯನ ದೊಡ್ಡ ಕಾರಣ. ಅಮೆರಿಕದ ಆರು ಊರುಗಳ 8,000ಕ್ಕೂ ಜಾಸ್ತಿ ಜನರನ್ನು ಸುಮಾರು ಹದಿನೈದು ವರ್ಷ ಗಮನಿಸಿದ್ದರು. ತೀರಾ ಕೊಳಕು ಗಾಳಿಯ ಊರಿನಲ್ಲಿ ಸಾವಿನ ಅಪಾಯ ಶುದ್ಧ ಗಾಳಿಯ ಊರಿಗಿಂತ ಶೇ 26ರಷ್ಟು ಹೆಚ್ಚಿತ್ತು. ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳ ಜೊತೆ ಅದಕ್ಕೆ ಗಟ್ಟಿ ನಂಟು ಕಂಡಿತು.

ಇದೇ ಪಿಎಂ 2.5. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಈ ಕಣಗಳು 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕವು. ದೊಡ್ಡ ದೂಳನ್ನು ಮೂಗಿನ ಕೂದಲು, ಸಿಂಬಳ ಹಿಡಿದಿಡುತ್ತವೆ. ಇವು ಮಾತ್ರ ಶ್ವಾಸಕೋಶದ ತೀರಾ ಒಳಗಿನ ಗಾಳಿಚೀಲದವರೆಗೆ ಇಳಿದು ಅಲ್ಲಿ ಉರಿಯೂತ ಹುಟ್ಟಿಸುತ್ತವೆ. ತುಂಬಾ ಚಿಕ್ಕವು ರಕ್ತಕ್ಕೂ ಸೇರಬಲ್ಲವು. ಹೊಗೆ ಅಂದರೆ ಕೆಮ್ಮು, ದಮ್ಮು ಅಷ್ಟೇ ಅಂದುಕೊಳ್ಳುತ್ತೇವೆ, ಅಲ್ವಾ? ಹೃದಯಾಘಾತ, ಪಾರ್ಶ್ವವಾಯು ಕೂಡ ಈ ಪಟ್ಟಿಯಲ್ಲಿವೆ. ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2013ರಲ್ಲೇ ಹೇಳಿದೆ.

ನಮ್ಮಲ್ಲಿ ವಾಯು ಮಾಲಿನ್ಯ ಕಾಯ್ದೆ ಬಂದದ್ದು 1981ರಲ್ಲಿ. ಪಿಎಂ 2.5ಕ್ಕೆ ಮಿತಿ ಹಾಕಲು 2009 ಆಗಬೇಕಾಯಿತು. ಆದರೆ ಮೈಕ್ರೊಗ್ರಾಂ ಲೆಕ್ಕ ಜನರಿಗೆ ಅರ್ಥವಾಗಬೇಕಲ್ಲ! ಅದಕ್ಕೇ 2015ರ ಏಪ್ರಿಲ್‌ನಲ್ಲಿ ಎಕ್ಯೂಐ ಬಂತು. ಒಂದು ಸಂಖ್ಯೆ, ಒಂದು ಬಣ್ಣ, ಒಂದು ವಿವರಣೆ. ಪಟ್ಟಿಯಲ್ಲಿ ಎಂಟು ಮಾಲಿನ್ಯಕಾರಕಗಳಿವೆ. ಅಳತೆ ಸಿಕ್ಕ ಒಂದೊಂದಕ್ಕೂ ಅಂಕ ಕೊಡುತ್ತಾರೆ. ಸರಾಸರಿ ತೆಗೆಯುವುದಿಲ್ಲ, ಯಾವುದು ಅತಿ ಕೆಟ್ಟದ್ದೋ ಅದೇ ಎಕ್ಯೂಐ. ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ಸಬ್ಜೆಕ್ಟ್ ಹೋದರೂ ಫೇಲ್ ಅನ್ನುವ ಹಾಗೆ. ಇದು ಒಳ್ಳೆಯ ಲೆಕ್ಕವೇ.

ನನ್ನ ತಕರಾರು ಆ ‘ತೃಪ್ತಿಕರ’ ಅನ್ನುವ ಮಾತಿನ ಬಗ್ಗೆ. ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5ರ ದಿನದ ಸರಾಸರಿ 60 ಮೈಕ್ರೊಗ್ರಾಂ ಮುಟ್ಟುವವರೆಗೂ ನಮ್ಮಲ್ಲಿ ತೃಪ್ತಿಕರವೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15. ‘ತೃಪ್ತಿಕರ’ ಹಂತದಲ್ಲೂ ಸೂಕ್ಷ್ಮ ಆರೋಗ್ಯದವರಿಗೆ ಉಸಿರಾಟದ ಸಣ್ಣ ತೊಂದರೆ ಆಗಬಹುದು ಅಂತ ಸರ್ಕಾರದ ವಿವರಣೆಯಲ್ಲೇ ಇದೆ. ಅದನ್ನು ಯಾರೂ ಓದುವುದಿಲ್ಲ, ಹಸಿರು ಬಣ್ಣ ನೋಡಿ ಸುಮ್ನಾಗುತ್ತೇವೆ.

ಇನ್ನೊಂದು ವಿಷಯ. ಪಿಎಂ 2.5ರ ಅಂಕ 24 ಗಂಟೆಯ ಸರಾಸರಿಯಿಂದ ಬರುತ್ತದೆ. ಅಳೆಯುವ ಯಂತ್ರ ಇರುವುದು ಬೇರೆಲ್ಲೋ. ನಮ್ಮ ಬೀದಿಯ ಅರ್ಧ ಗಂಟೆಯ ಬೆಂಕಿ ಅದರಲ್ಲಿ ಕಾಣುವುದೇ ಇಲ್ಲ. ಚಳಿಗಾಲದ ಬೆಳಿಗ್ಗೆ ಇಲ್ಲೂ ಲಂಡನ್ನಿನಂಥದೇ ಮುಚ್ಚಳ ಚಿಕ್ಕದಾಗಿ ಕೂತಿರುತ್ತದೆ. ಬಿಸಿಲೇರುವವರೆಗೆ ಹೊಗೆ ಮಕ್ಕಳ ಮುಖದ ಎತ್ತರದಲ್ಲೇ ಸುಳಿಯುತ್ತದೆ. ಟೈ ತುದಿ, ಕರ್ಚೀಫು ಈ ಕಣಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಸರಿಯಾಗಿ ಕೂರುವ ಎನ್-95 ಮಾಸ್ಕ್ ತಡೆಯುತ್ತದೆ.

ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದು 2016ರ ಡಿಸೆಂಬರ್‌ನಲ್ಲಿ. ವ್ಯಾನಿಗೆ ಕಾಯುವ ಆ ಮಕ್ಕಳಲ್ಲಿ ಕೆಲವರು ಆಗಿನ್ನೂ ಹುಟ್ಟಿರಲಿಲ್ಲ.